ರಿಮೋಟ್ ಕಾರು ಗುಜರಿಗೆ ಯಾಕ್ರೀ? ಮೊದಲು ಸ್ಕ್ರೂಡ್ರೈವರ್ ಹಿಡೀರಿ!

ದೀಪಾವಳಿಗೆ ತಂದ ರಿಮೋಟ್ ಕಾರು ತುಳಸಿ ಹಬ್ಬದ ಹೊತ್ತಿಗೆ ಮಂಚದಡಿ ಸೇರುವುದು ಈಗ ಮನೆಮನೆಯ ಮಾಮೂಲು ಕಥೆ. ಮೊದಲ ದಿನ ಮಗು ಓಡಿಸುತ್ತದೆ. ಎರಡನೇ ದಿನ ಮಗುವಿನ ಅಪ್ಪ ಓಡಿಸುತ್ತಾನೆ. ಮೂರನೇ ದಿನ ಕಾರು ಗೋಡೆಗೆ ಡಿಕ್ಕಿ. ನಾಲ್ಕನೇ ದಿನ ಅಜ್ಜಿಯ ತೀರ್ಪು ಹೊರಬೀಳುತ್ತದೆ: “ಬಿಸಾಕ್ರಿ ಅತ್ಲಾಗೆ, ದುಡ್ಡು ದಂಡ!”

ಒಂದು ನಿಮಿಷ ತಾಳಿ, ಸ್ವಾಮಿ. ಸೈಕಲ್ ಪಂಕ್ಚರ್ ಆದರೆ ಸೈಕಲ್ಲನ್ನೇ ಎಸೆಯುತ್ತೀರಾ? ಕುಕ್ಕರಿನ ಗ್ಯಾಸ್ಕೆಟ್ ಹೋದರೆ ಕುಕ್ಕರನ್ನೇ ಗುಜರಿಗೆ ಹಾಕುತ್ತೀರಾ? ಇಲ್ಲ ತಾನೆ? ಮಂಚದಡಿ ಬಿದ್ದಿರುವ ಎಷ್ಟೋ ಕಾರುಗಳ ಕಾಯಿಲೆ ಒಂದು ಚಹಾ-ಬನ್ನಿನ ದುಡ್ಡಿನಲ್ಲಿ ವಾಸಿಯಾಗುವಂಥದ್ದು.

“ಹೋದ್ರೆ ಹೋಯ್ತು, ಇನ್ನೊಂದು ತಂದ್ರಾಯ್ತು” ಎನ್ನುವ ಕಾಲವೂ ಈಗ ಇಲ್ಲ. ಹೊರದೇಶದ ಆಟಿಕೆಗಳ ಮೇಲಿನ ಆಮದು ಸುಂಕ 2020ರ ಫೆಬ್ರವರಿಯಲ್ಲಿ ಶೇಕಡಾ 20ರಿಂದ 60ಕ್ಕೆ ಹಾರಿತು. 2023ರ ಬಜೆಟ್‌ನಲ್ಲಿ 70 ಮುಟ್ಟಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆಯೂ ಕಡ್ಡಾಯವಾಯಿತು. ಬೆಲೆ ಏರಿದ್ದು ಯಾಕೆ ಅಂತ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳುವುದೇ ಜಾಣತನ.

ಕಾರಲ್ಲೂ ಎರಡು ತರಹ

ರಿಮೋಟ್ ಕಾರು ಅಂದರೆ ಎಲ್ಲವೂ ಒಂದೇ ಅಲ್ಲ. ಒಂದು ಆಟಿಕೆ ಕಾರು. ಇದರಲ್ಲಿ ರಿಮೋಟಿನ ಮಾತು ಕೇಳುವ ಭಾಗ, ಮೋಟಾರು ತಿರುಗಿಸುವ ಭಾಗ, ಎಲ್ಲವೂ ಒಂದೇ ಸಣ್ಣ ಬೋರ್ಡಿನ ಮೇಲೆ. ಎಡ ಅಂದರೆ ಪೂರ್ತಿ ಎಡ, ಬಲ ಅಂದರೆ ಪೂರ್ತಿ ಬಲ. ಇನ್ನೊಂದು ಹವ್ಯಾಸಿಗಳ ಕಾರು. ಇದರಲ್ಲಿ ರಿಸೀವರ್, ವೇಗದ ಕಂಟ್ರೋಲರ್, ಮೋಟಾರು, ಚಕ್ರ ತಿರುಗಿಸುವ ಸರ್ವೋ ಎಲ್ಲ ಬೇರೆ ಬೇರೆ. ಒಂದು ಹೋದರೆ ಅದೊಂದನ್ನೇ ಬದಲಾಯಿಸಬಹುದು. ನಿಜವಾದ ಕಾರಿನ ಹಾಗೆಯೇ ಇದಕ್ಕೂ ಸ್ಪೇರು ಸಿಗುತ್ತದೆ.

ಈ ಪದ್ಧತಿಗೆ ದಾರಿ ಹಾಕಿದವರಲ್ಲಿ ಜಪಾನಿನ ಶಿಜುವೊಕ ಊರಿನ ತಮಿಯಾ ಕಂಪನಿಯ ಹೆಸರು ದೊಡ್ಡದು. ಪ್ಲಾಸ್ಟಿಕ್ ಮಾದರಿಗಳನ್ನು ಮಾಡುತ್ತಿದ್ದ ಈ ಕಂಪನಿ 1976ರಲ್ಲಿ ಪೋರ್ಷೆ 934 ಎಂಬ ತನ್ನ ಮೊದಲ ರೇಡಿಯೋ ಕಾರನ್ನು ಹೊರತಂದಿತು. ನಿಜವಾದ ಕಾರಿಗೆ ಹೋಲಿಸಿದರೆ ಅದರ ಅಳತೆ ಹನ್ನೆರಡರಲ್ಲಿ ಒಂದು ಪಾಲು. 1984ರಲ್ಲಿ ಬಂದ ಗ್ರಾಸ್‌ಹಾಪರ್ ಅಂತೂ ಮಕ್ಕಳ ಮೊದಲ ಕಾರು ಎಂದೇ ಹೆಸರಾಯಿತು. ಇವೆರಡರ ಗುಟ್ಟು ಏನು ಗೊತ್ತೆ? ಡಬ್ಬಿಯಲ್ಲಿ ಕಾರು ಇರುತ್ತಿರಲಿಲ್ಲ, ಬಿಡಿಭಾಗ ಇರುತ್ತಿತ್ತು! ಕೊಂಡವನೇ ಕೂತು ಒಂದೊಂದೇ ಸ್ಕ್ರೂ ಹಾಕಿ ಕಾರು ಕಟ್ಟಬೇಕು. ಕಟ್ಟಿದವನಿಗೆ ಬಿಚ್ಚುವುದು ಎಷ್ಟರ ಮಾತು?

ಆಟಿಕೆ ಕಾರನ್ನು ನಾವು ಕಟ್ಟಿಲ್ಲ, ನಿಜ. ಆದರೆ ಅದಕ್ಕೂ ಅಡಿಯಲ್ಲಿ ನಾಲ್ಕು ಸ್ಕ್ರೂ ಇದೆ. ಅಷ್ಟು ಸಾಕು.

ಎಲ್ಲಿಂದ ಶುರು ಮಾಡೋದು?

ರೇಡಿಯೋ ರಿಪೇರಿಯವರ ಹಳೇ ಸೂತ್ರವೇ ಇಲ್ಲೂ ನಡೆಯುತ್ತದೆ: ಮೊದಲು ಕರೆಂಟು ನೋಡು, ಆಮೇಲೆ ಬೋರ್ಡು ನೋಡು. ಕಾರು ಕೆಟ್ಟಿತು ಎನ್ನುವವರು ಸೆಲ್ ಕೆಟ್ಟಿರಬಹುದು ಎಂದು ಯೋಚಿಸುವುದೇ ಇಲ್ಲ. ಮೂರು ಹೊಸ ಪೆನ್ಸಿಲ್ ಸೆಲ್ ಜೊತೆ ಒಂದು ಹಳೇ ಸೆಲ್ ಹಾಕಿದರೆ, ಜೋಡೆತ್ತಿನಲ್ಲಿ ಒಂದು ಕುಂಟಿದ ಹಾಗೆ, ಗಾಡಿಯೇ ನಿಂತಿತು. ಮೀಟರ್ ಇದ್ದರೆ ಇಟ್ಟು ನೋಡಿ. ಹೊಸ ಸೆಲ್ 1.5 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸಬೇಕು. 1.2ಕ್ಕಿಂತ ಕೆಳಗಿಳಿದಿದ್ದರೆ ಅದನ್ನು ಗೋಡೆ ಗಡಿಯಾರಕ್ಕೆ ಹಾಕಿ, ಕಾರಿಗೆ ಬೇಡ. ಚಾರ್ಜ್ ಮಾಡುವ ಸೆಲ್ ಆದರೆ ಲೆಕ್ಕ ಬೇರೆ, ಅದರ ಹುಟ್ಟುಗುಣವೇ 1.2 ವೋಲ್ಟ್.

ಸೆಲ್ ಸರಿ ಇದೆಯೇ? ಹಾಗಾದರೆ ಅದು ಕೂರುವ ಜಾಗ ನೋಡಿ. ಸ್ಪ್ರಿಂಗಿನ ಮೇಲೆ ಬಿಳಿ, ಹಸಿರು ಪೊರೆ ಕಟ್ಟಿದ್ದರೆ ಸೆಲ್ ಸೋರಿದೆ ಎಂದರ್ಥ. ಆಲ್ಕಲೈನ್ ಸೆಲ್‌ನಿಂದ ಸೋರುವುದು ಕ್ಷಾರ. ಹತ್ತಿಗೆ ಒಂದು ಹನಿ ನಿಂಬೆರಸ ಮುಟ್ಟಿಸಿ ಒರೆಸಿ, ಮತ್ತೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ. ಬರಿಗೈಯಲ್ಲಿ ಮುಟ್ಟಬೇಡಿ, ಕಣ್ಣುಜ್ಜಿಕೊಳ್ಳಲೇಬೇಡಿ.

ಮೋಟಾರು ಗುಂಯ್ ಅನ್ನುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ಇದು ತೀರಾ ಸಾಮಾನ್ಯ ಕಾಯಿಲೆ. ಮೋಟಾರಿನ ಕಡ್ಡಿಗೆ ಸಿಕ್ಕಿಸಿದ ಪುಟ್ಟ ಪ್ಲಾಸ್ಟಿಕ್ ಹಲ್ಲುಚಕ್ರ ಸೀಳಿರುತ್ತದೆ. ಅಂಟು ಹಾಕಿ ಒದ್ದಾಡಬೇಡಿ, ನಿಲ್ಲುವುದಿಲ್ಲ. ಹಲ್ಲು ಎಣಿಸಿ, ಹಳೆಯದನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಹೋಗಿ. ನಲ್ಲಿ ವಾಷರ್ ತರುವಾಗ ಹಳೇ ವಾಷರ್ ಒಯ್ಯುವುದಿಲ್ಲವೇ, ಹಾಗೆ. ಬೆಂಗಳೂರಿಗೆ ಬಸ್ಸು ಹತ್ತುವವರಾದರೆ ಎಸ್.ಪಿ. ರೋಡ್ ಇದ್ದೇ ಇದೆ. ಮೋಟಾರು, ವೈರು, ಕನೆಕ್ಟರ್, ಕೆಪಾಸಿಟರ್ ಅಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ.

ಕಾರು ಹೆಣಗಿಕೊಂಡು ಓಡುತ್ತದೆಯೇ? ಅಚ್ಚಿಗೆ ತಲೆಕೂದಲು, ಜಮಖಾನದ ದಾರ ಸುತ್ತಿರುತ್ತದೆ. ಚಕ್ರ ಬಿಚ್ಚಿ, ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ. ಈ ರಿಪೇರಿಗೆ ನಯಾಪೈಸೆ ಖರ್ಚಿಲ್ಲ!

ಹವ್ಯಾಸಿ ಕಾರಿನಲ್ಲಿ ಹಲ್ಲುಚಕ್ರ ಬದಲಿಸಿದವರಿಗೆ ಇನ್ನೊಂದು ಕಿವಿಮಾತು. ಎರಡು ಹಲ್ಲುಚಕ್ರ ಬಿಗಿಯಾಗಿ ಕಚ್ಚಿಕೊಂಡರೆ ಮೋಟಾರು ಬಿಸಿಯಾಗುತ್ತದೆ, ಸಡಿಲವಾದರೆ ಹಲ್ಲು ಉದುರುತ್ತದೆ. ಎರಡರ ನಡುವೆ ನೋಟ್‌ಬುಕ್ಕಿನ ಒಂದು ಕಾಗದದ ಪಟ್ಟಿ ಇಟ್ಟು ಮೋಟಾರಿನ ಸ್ಕ್ರೂ ಬಿಗಿಮಾಡಿ, ಆಮೇಲೆ ಕಾಗದ ತೆಗೆಯಿರಿ. ಉಳಿದ ಸಂದು ಸರಿಯಾದ ಸಂದು.

ದೆವ್ವ ಹಿಡಿದ ಕಾರು

ಕೆಲವು ಕಾರು ನಿಂತಲ್ಲೇ ನಡುಗುತ್ತವೆ. ನಾಲ್ಕು ಮಾರು ದೂರ ಹೋದರೆ ರಿಮೋಟಿನ ಮಾತೇ ಕೇಳುವುದಿಲ್ಲ. ಬ್ರಷ್ ಇರುವ ಮೋಟಾರಿನಲ್ಲಿ ಕಿಡಿ ಹಾರುತ್ತದೆ, ಆ ಕಿಡಿ ರೇಡಿಯೋ ಸಂದೇಶವನ್ನು ಕೆಡಿಸುತ್ತದೆ. ಅದನ್ನು ತಡೆಯಲೆಂದೇ ಮೋಟಾರಿನ ಬೆನ್ನಿಗೆ ‘104’ ಎಂದು ಬರೆದ ಸಣ್ಣ ಬಿಲ್ಲೆಯಂಥ ಕೆಪಾಸಿಟರ್ ಬೆಸೆದಿರುತ್ತಾರೆ. ಕಾರು ಕುಲುಕಾಡಿ ಅದರ ಕಾಲು ಮುರಿದಿದ್ದರೆ ಈ ಭೂತಚೇಷ್ಟೆ ಶುರು. ಹೊಸದೊಂದು ಬೆಸುಗೆ ಹಾಕಿದರೆ ದೆವ್ವ ಬಿಟ್ಟಿತು. ಬೆಸುಗೆ ದೊಡ್ಡವರ ಕೆಲಸ. ಹಳೇ ಮಾದರಿಯ ಬೆಸುಗೆ ತಂತಿಯಲ್ಲಿ ಸೀಸ ಇರುತ್ತದೆ. ಕಿಟಕಿ ತೆರೆದಿಡಿ, ಕೈ ತೊಳೆದು ಊಟಕ್ಕೆ ಕೂರಿ.

ಪಕ್ಕದ ಮನೆ ಹುಡುಗ ಬಟನ್ ಒತ್ತಿದರೆ ನಿಮ್ಮ ಕಾರು ಓಡುತ್ತದೆಯೇ? ಅದಕ್ಕೂ ಮಂತ್ರವಾದಿ ಬೇಡ. ಎರಡೂ 27 ಮೆಗಾಹರ್ಟ್ಸ್ ಕಾರುಗಳಾಗಿ ಒಂದೇ ಚಾನೆಲ್ಲಿನಲ್ಲಿ ಇರಬೇಕು. ಅದಲು ಬದಲು ಆಡಿಕೊಳ್ಳಲಿ ಬಿಡಿ. 2.4 ಗಿಗಾಹರ್ಟ್ಸ್ ಹವ್ಯಾಸಿ ಕಾರುಗಳಿಗೆ ಈ ರಗಳೆ ಇಲ್ಲ. ರಿಮೋಟಿಗೂ ಕಾರಿಗೂ ಒಂದು ಸಲ ಗಂಟು ಹಾಕಿದರೆ ಮತ್ತೊಬ್ಬರ ಮಾತು ಕೇಳುವುದಿಲ್ಲ. ಅವನ್ನು ಆನ್ ಮಾಡುವಾಗ ಮೊದಲು ರಿಮೋಟ್, ಆಮೇಲೆ ಕಾರು. ಆಫ್ ಮಾಡುವಾಗ ಮೊದಲು ಕಾರು, ಆಮೇಲೆ ರಿಮೋಟ್. ಉಲ್ಟಾ ಮಾಡಿದರೆ ಲಗಾಮಿಲ್ಲದ ಕುದುರೆಯಾಗಿ ಓಡಿಬಿಟ್ಟೀತು, ಎಚ್ಚರ!

ಇಲ್ಲಿ ಮಾತ್ರ ಹುಡುಗಾಟ ಬೇಡ

ಇಷ್ಟು ಹೊತ್ತು ಹೇಳಿದ್ದು ತಪ್ಪಿದರೆ ಕಾರು ಹೋಗಬಹುದು, ಅಷ್ಟೇ. ಈಗ ಹೇಳುವುದು ತಪ್ಪಿದರೆ ಮನೆಗೇ ಬೆಂಕಿ. ಹವ್ಯಾಸಿ ಕಾರುಗಳಲ್ಲಿ ಈಗ ಹೆಚ್ಚಾಗಿ ಬರುವುದು ಲಿಪೊ ಎಂಬ ಲಿಥಿಯಂ ಬ್ಯಾಟರಿ. ತೂಕ ಕಡಿಮೆ, ತಾಕತ್ತು ಜಾಸ್ತಿ, ಸಿಟ್ಟೂ ಜಾಸ್ತಿ. ಇದರ ಒಂದೊಂದು ಕೋಶ 4.2 ವೋಲ್ಟ್ ದಾಟಬಾರದು, 3 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಲಿಪೊಗೆಂದೇ ಇರುವ, ಕೋಶಗಳನ್ನು ಸಮ ಮಾಡುವ ಚಾರ್ಜರ್ ಬಿಟ್ಟು ಹಳೇ ಡಬ್ಬಿಯಲ್ಲಿದ್ದ ಯಾವುದೋ ಚಾರ್ಜರ್ ಚುಚ್ಚಿದರೆ ಉರಿಯಬಹುದು. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು, ಹಾಸಿಗೆಯ ಮೇಲೆ ಇಟ್ಟು ಚಾರ್ಜ್ ಮಾಡುವುದು ಕೂಡದೇ ಕೂಡದು. ತಿಂಗಳುಗಟ್ಟಲೆ ಎತ್ತಿಡುವುದಾದರೆ ಕೋಶಕ್ಕೆ ಸುಮಾರು 3.8 ವೋಲ್ಟ್ ಇರುವ ಹಾಗೆ ಇಡಿ.

ಪೂರಿಯ ಹಾಗೆ ಉಬ್ಬಿದ ಬ್ಯಾಟರಿ ಕಂಡರೆ ಅದರ ಆಯಸ್ಸು ಮುಗಿಯಿತು. ಚುಚ್ಚಬೇಡಿ, ಒತ್ತಬೇಡಿ, “ಇನ್ನೊಂದ್ಸಲ ನೋಡೋಣ” ಅನ್ನಬೇಡಿ. ಹೊರಗೆ, ಸುಡುವ ಸಾಮಾನಿಲ್ಲದ ಕಡೆ ಇರಿಸಿ. ಕಸದ ಗಾಡಿಗೆ ಎಸೆದರೆ ಗಾಡಿಯಲ್ಲೇ ಹೊತ್ತಿಕೊಳ್ಳಬಹುದು, ಅಪಾಯ ಪೌರಕಾರ್ಮಿಕರಿಗೆ. ಹಳೇ ಬ್ಯಾಟರಿ ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಅಧಿಕೃತ ಇ-ತ್ಯಾಜ್ಯ ಸಂಗ್ರಹ ಮಾಡುವವರಿಗೆ ಒಪ್ಪಿಸಿ.

ಅಂಗಡಿಯವರಿಗೂ ಒಂದು ಮಾತು

ಸೈಕಲ್ ಅಂಗಡಿಯಲ್ಲಿ ಟ್ಯೂಬು, ಸ್ಟೌ ಅಂಗಡಿಯಲ್ಲಿ ಬರ್ನರ್ ಸಿಗುವಾಗ ಆಟಿಕೆ ಅಂಗಡಿಯಲ್ಲಿ ನಾಲ್ಕು ಹಲ್ಲುಚಕ್ರ, ಎರಡು ಮೋಟಾರು ಯಾಕೆ ಇರಬಾರದು? ಒಂದು ಪುಟ್ಟ ಡಬ್ಬಿ ಸಾಕು. ಕಾರು ಒಮ್ಮೆ ಮಾರುವ ಸರಕು. ಸ್ಪೇರಿಗೆ ಅದೇ ಗಿರಾಕಿ ಮತ್ತೆ ಮತ್ತೆ ಮೆಟ್ಟಿಲು ಹತ್ತುತ್ತಾನೆ. ಗಿರಾಕಿಗಳೂ ಕೊಳ್ಳುವಾಗಲೇ ಕೇಳಿ: “ಇದನ್ನ ಬಿಚ್ಚೋಕಾಗತ್ತಾ? ಮೋಟಾರು ಬೇರೆ ಸಿಗತ್ತಾ? ಚಾರ್ಜರ್ ಹೋದ್ರೆ ಏನ್ಮಾಡ್ಲಿ?” ನಾಲ್ಕು ಜನ ಕೇಳಿದರೆ ಐದನೆಯವನ ಹೊತ್ತಿಗೆ ಸ್ಪೇರು ಬಂದಿರುತ್ತದೆ.

ಬರುವ ಭಾನುವಾರ ಊಟವಾದ ಮೇಲೆ ಮಂಚದಡಿಯ ಕಾರನ್ನು ಹೊರಗೆ ತೆಗೆಯಿರಿ. ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಬಿಚ್ಚಿದ ಸ್ಕ್ರೂಗಳನ್ನು ಒಂದು ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಜೋಡಿಸುವ ಕೆಲಸ ಅದಕ್ಕೆ ಕೊಡಿ. ಎಲ್ಲ ಸೇರಿಸಿ ಮುಗಿಸಿದ ಮೇಲೆ ತಟ್ಟೆಯಲ್ಲಿ ಎರಡು ಸ್ಕ್ರೂ ಉಳಿದಿದ್ದರೆ? ಜೇಬಿಗೆ ಹಾಕಿಕೊಂಡು ಸುಮ್ಮನಾಗಬೇಡಿ, ಮಗು ನೋಡ್ತಾ ಇರತ್ತೆ. ಮತ್ತೆ ಬಿಚ್ಚಿ!