ಮುರುಗಲ ತುಪ್ಪ: ಮದ್ದೂ ಬೀಜವೇ, ಮರವೂ ಬೀಜವೇ

ತುಪ್ಪವೆಂದರೆ ಹಾಲಿನಿಂದ ಬರುವುದೆಂದೇ ನಮ್ಮೆಲ್ಲರ ತಿಳಿವಳಿಕೆ. ಆದರೆ ಅಂಕೋಲಾ, ಕಾರವಾರ, ಕುಮಟಾಗಳ ಕಡೆ ಮರದಿಂದ ಬರುವ ತುಪ್ಪವೂ ಒಂದುಂಟು. ಅದೇ ಮುರುಗಲ ತುಪ್ಪ. ನಾಟಿಯ ದಿನಗಳಲ್ಲಿ ಕೆಸರಿನಲ್ಲಿ ನಿಂತು ಒಡೆದ ಹಿಮ್ಮಡಿಗೆ, ಚಳಿಗಾಲದಲ್ಲಿ ಬಿರಿದ ತುಟಿಗೆ, ಒಲೆಯ ಮುಂದಿನ ಸಣ್ಣಪುಟ್ಟ ಸುಟ್ಟಗಾಯಕ್ಕೆ ಹಾಲಕ್ಕಿ ಒಕ್ಕಲಿಗರೂ ಸೇರಿದಂತೆ ಇಲ್ಲಿನ ಜನ ತಲೆಮಾರುಗಳಿಂದ ಬಳಸುತ್ತ ಬಂದ ಮದ್ದು ಇದು.

ಮುರುಗಲು ಪಶ್ಚಿಮ ಘಟ್ಟ ಮತ್ತು ಅದರ ತಪ್ಪಲಿನ ಕಾಡುಮರ. ದಕ್ಷಿಣ ಕನ್ನಡದಲ್ಲಿ ಇದು ಪುನರ್ಪುಳಿ, ಮಹಾರಾಷ್ಟ್ರದಲ್ಲಿ ಕೋಕಂ, ಆಯುರ್ವೇದದಲ್ಲಿ ವೃಕ್ಷಾಮ್ಲ. ಏಪ್ರಿಲ್-ಮೇ ತಿಂಗಳಲ್ಲಿ ಕೆಂಪು ಹಣ್ಣು ಬಿಡುತ್ತದೆ. ಸಿಪ್ಪೆಯನ್ನು ಮಳೆಗಾಲಕ್ಕೆ ಮೊದಲೇ ಒಣಗಿಸಿಟ್ಟರೆ ವರ್ಷವಿಡೀ ಸಾರಿಗೆ ಹುಳಿಯಾಯಿತು. ಪಿತ್ತವೇರಿದಾಗ ಅದರ ಪಾನಕ ಕುಡಿಯುವುದು, ಮೈಮೇಲೆ ಪಿತ್ತದ ದಡಿಕೆಗಳೆದ್ದರೆ ಸಿಪ್ಪೆ ನೆನೆಸಿದ ನೀರು ಹಚ್ಚುವುದು ಕರಾವಳಿಯ ಮನೆಮದ್ದು.

ತುಪ್ಪವಿರುವುದು ಮಾತ್ರ ಬೀಜದಲ್ಲಿ. ಬೀಜವನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸುತ್ತಾರೆ. ಮೇಲೆ ತೇಲುವ ಜಿಡ್ಡನ್ನು ತೆಗೆದು ಆರಲು ಬಿಟ್ಟರೆ ಮೇಣದಂತೆ ಗಟ್ಟಿಯಾಗುತ್ತದೆ. ಅದನ್ನು ಕೈಯಲ್ಲಿ ಉಂಡೆ ಕಟ್ಟಿಡುತ್ತಾರೆ. ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಜಿಡ್ಡು.

ಈ ಮದ್ದು ಕೆಲಸ ಮಾಡುವುದು ಹೇಗೆ? ಇದರಲ್ಲಿ ಸ್ಟಿಯರಿಕ್ ಮತ್ತು ಓಲಿಯಿಕ್ ಎಂಬ ಕೊಬ್ಬಿನಾಮ್ಲಗಳೇ ಹೆಚ್ಚು. ಆದ್ದರಿಂದ ಇದು ಕರಾವಳಿಯ ಸೆಕೆಯಲ್ಲೂ ಗಟ್ಟಿಯಾಗಿಯೇ ಇರುತ್ತದೆ; ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತುಸು ಬಿಸಿ ಮಾಡಿ ಹಚ್ಚಿದರೆ ಬಿರುಕಿನೊಳಗೆ ಇಳಿದು, ಅಲ್ಲೇ ಹೆಪ್ಪುಗಟ್ಟಿ, ಚರ್ಮದ ತೇವ ಆರದಂತೆ ಮುಚ್ಚುತ್ತದೆ. ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ, ಆಳವಾದ ಸುಟ್ಟಗಾಯಗಳಿಗೆ ವೈದ್ಯರೇ ಬೇಕು.

ಈ ಗುಣವೇ ಮುರುಗಲ ತುಪ್ಪವನ್ನು ಊರ ಗಡಿ ದಾಟಿಸಿದೆ. ಇಂದು ಸೌಂದರ್ಯವರ್ಧಕ ಉದ್ಯಮಕ್ಕೆ ಇದು ಬೇಕು. ಚಾಕೊಲೇಟ್‌ನಲ್ಲಿ ಕೋಕೋ ಬೆಣ್ಣೆಯ ಜೊತೆಗೆ ಮಿತವಾಗಿ ಬೆರೆಸಬಹುದೆಂದು ಐರೋಪ್ಯ ಒಕ್ಕೂಟ 2000ರಲ್ಲಿ ಪಟ್ಟಿ ಮಾಡಿದ ಆರು ಸಸ್ಯಜನ್ಯ ಕೊಬ್ಬುಗಳಲ್ಲಿ ಇದೂ ಒಂದು.

ಬೇಡಿಕೆ ಬಂದರೆ ಒಳ್ಳೆಯದೇ ತಾನೇ ಎನ್ನಬಹುದು. ತೊಡಕಿರುವುದು ಬೀಜದಲ್ಲೇ. ಮುರುಗಲ ಬೀಜ ಭತ್ತದ ಬೀಜದಂತಲ್ಲ. ಒಣಗಿಸಿ ಕಣಜದಲ್ಲಿಟ್ಟು ಮುಂದಿನ ವರ್ಷ ಬಿತ್ತಲಾಗದು. ತೇವ ಆರಿದರೆ ಮೊಳೆಯುವ ಶಕ್ತಿ ಹೋಗುತ್ತದೆ. ತುಪ್ಪಕ್ಕೆಂದು ಬಿಸಿಲಿಗೆ ಹಾಕಿದ ಬೀಜ ಮತ್ತೆ ಮರವಾಗುವುದಿಲ್ಲ. ಹಣ್ಣು ನೆಲಕ್ಕುದುರಿ, ಅದರ ಹಿಂದೆಯೇ ಮಳೆ ಬಂದರೆ ಮಾತ್ರ ಕಾಡಿನಲ್ಲಿ ಹೊಸ ಸಸಿ. ಮೊಳೆತದ್ದೆಲ್ಲ ಫಲ ಕೊಡುವುದೂ ಇಲ್ಲ. ಈ ಜಾತಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ; ಯಾವುದು ಯಾವುದೆಂದು ತಿಳಿಯಲು ಹೂ ಬಿಡುವವರೆಗೆ ವರ್ಷಗಟ್ಟಲೆ ಕಾಯಬೇಕು. ತೋಟದಲ್ಲಿ ಬೆಳೆಸುವವರಿಗೆ ಕಸಿಗಿಡಗಳು ಈ ಕಾಯುವಿಕೆ ತಪ್ಪಿಸಿವೆ. ಕಾಡಿಗೆ ಬೀಜವೇ ಗತಿ.

ಯಾವ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಎಂಬುದೂ ಮದ್ದಿನ ಅರಿವಿನಷ್ಟೇ ದೊಡ್ಡ ವಿದ್ಯೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಮಹಿಳೆ ತುಳಸಿ ಗೌಡ ಅವರು ಶಾಲೆಯ ಮೆಟ್ಟಿಲು ಹತ್ತದೆ ಈ ವಿದ್ಯೆ ಕಲಿತು, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಕಾಡುಮರಗಳ ಸಸಿ ಬೆಳೆಸಿದರು. 2020ರ ಪದ್ಮಶ್ರೀ ಅವರಿಗೆ ಸಂದಿತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು.

ಮದ್ದಿನ ಗಿಡಗಳ ಪಟ್ಟಿ ಮಾಡಿ ಪುಸ್ತಕದಲ್ಲಿ ದಾಖಲಿಸುವುದು ಅಗತ್ಯ. ಆದರೆ ಮುರುಗಲಿನ ಮಟ್ಟಿಗೆ ಅಷ್ಟೇ ಸಾಲದು. ಹಣ್ಣೆಲ್ಲ ಬಾಚಿ ತಂದರೆ ಈ ವರ್ಷ ತುಪ್ಪ ಹೆಚ್ಚು ಸಿಕ್ಕೀತು. ಮರದಡಿ ಒಂದಿಷ್ಟು ಹಣ್ಣು ಬಿಟ್ಟುಬಂದರೆ ಮೊಮ್ಮಕ್ಕಳ ಹಿಮ್ಮಡಿಗೂ ಸಿಕ್ಕೀತು.