ಅನೇಕಾಂತವೆಂದರೆ ಅನಿಶ್ಚಯವಲ್ಲ

‘ಎಲ್ಲರ ಮಾತೂ ಸರಿ’ ಎಂದು ಸುಮ್ಮನಾಗುವುದೇ ಅನೇಕಾಂತವೆಂಬ ತಿಳಿವಳಿಕೆ ಹಲವರಲ್ಲಿದೆ. ಎಲ್ಲವೂ ಸರಿಯಾದರೆ ಹಿಂಸೆಯೂ ಸರಿಯೆನ್ನಬೇಕಾದೀತು. ಆಗ ಅಹಿಂಸೆಯೇ ಪರಮಧರ್ಮವೆಂಬ ಜಿನೋಪದೇಶಕ್ಕೆ ನೆಲೆಯೆಲ್ಲಿ? ಈ ಸಂಶಯವನ್ನು ನೀಗಿಕೊಳ್ಳಲು ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಬಿಮಲ್ ಕೃಷ್ಣ ಮತಿಲಾಲರ (1935–1991) ಚಿಂತನೆ ನೆರವಾಗುತ್ತದೆ.

ಬಂಗಾಳದಲ್ಲಿ ಜನಿಸಿದ ಮತಿಲಾಲರು ನ್ಯಾಯದರ್ಶನದ ವಿದ್ವಾಂಸರು. ಹಾರ್ವರ್ಡ್‌ನಲ್ಲಿ ಸಂಶೋಧನೆ ನಡೆಸಿದ ಅವರು ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪೌರ್ವಾತ್ಯ ಧರ್ಮ ಹಾಗೂ ನೀತಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಹಿಂದೆ ಸರ್ವಪಲ್ಲಿ ರಾಧಾಕೃಷ್ಣನ್ ಅಲಂಕರಿಸಿದ್ದ ಪೀಠವದು. ನೈಯಾಯಿಕರಿಗೂ ಜೈನ ತಾರ್ಕಿಕರಿಗೂ ಶತಮಾನಗಳಿಂದ ವಾದ ನಡೆದುಬಂದಿದೆ. ಆದರೂ 1981ರಲ್ಲಿ ಅಹಮದಾಬಾದಿನಿಂದ ಪ್ರಕಟವಾದ ಗ್ರಂಥದಲ್ಲಿ ಮತಿಲಾಲರು ಅನೇಕಾಂತವನ್ನು ಜೈನಧರ್ಮದ ಕೇಂದ್ರತತ್ತ್ವವೆಂದು ಆದರದಿಂದ ವಿವೇಚಿಸಿದರು. ಪರಪಕ್ಷವನ್ನು ಗೌರವಿಸುವುದು ಅಹಿಂಸೆಯನ್ನು ವಿಚಾರಲೋಕಕ್ಕೂ ವಿಸ್ತರಿಸಿದಂತೆ ಎಂಬುದು ಅವರ ನಿಲುವು.

ಗೌರವಿಸುವುದೆಂದರೆ ವಿವೇಚನೆಯನ್ನು ತೊರೆಯುವುದಲ್ಲ. ಜೈನ ತಾರ್ಕಿಕರ ನುಡಿ ‘ಸ್ಯಾತ್ ಅಸ್ತ್ಯೇವ’. ಇಲ್ಲಿ ‘ಸ್ಯಾತ್’ ಎಂಬುದು ‘ಇರಬಹುದೇನೋ’ ಎಂಬ ಸಂದೇಹವಲ್ಲ; ‘ಒಂದು ಅಪೇಕ್ಷೆಯಿಂದ’ ಎಂಬ ಮಿತಿ. ‘ಏವ’ ಎಂಬುದು ಆ ಮಿತಿಯೊಳಗಿನ ನಿಶ್ಚಯ. ಮಗನಿಗೆ ತಂದೆಯಾದವನು ತನ್ನ ತಂದೆಗೆ ಮಗನೇ. ಎರಡೂ ನಿಶ್ಚಿತ, ಯಾವುದೂ ಸಂದಿಗ್ಧವಲ್ಲ.

ಈ ಎಚ್ಚರ ಆಚರಣೆಯಲ್ಲೂ ಬೇಕು. ಧರ್ಮಸಂಕಟಗಳನ್ನು ಕುರಿತು ಬರೆಯುವಾಗ ಮತಿಲಾಲರು ಮಹಾಭಾರತದ ಕೌಶಿಕನ ಕಥೆಯನ್ನು ಪರಿಶೀಲಿಸುತ್ತಾರೆ. ಸತ್ಯವ್ರತಿಯಾದ ಕೌಶಿಕನು ಪ್ರಾಣಭಯದಿಂದ ಓಡಿದವರ ದಾರಿಯನ್ನು ದಸ್ಯುಗಳಿಗೆ ತಿಳಿಸಿದನು. ಓಡಿದವರು ಹತರಾದರು, ಕೌಶಿಕನಿಗೆ ನರಕ ಪ್ರಾಪ್ತವಾಯಿತು. ಕೊಲೆಗಾರನ ಮುಂದೆಯೂ ಸುಳ್ಳಾಡಬಾರದೆಂದ ಜರ್ಮನಿಯ ತತ್ತ್ವಜ್ಞಾನಿ ಕಾಂಟ್‌ನ ಮತಕ್ಕೆ ಇದು ವಿರುದ್ಧ. ಎರಡು ದೇಶಗಳ ಚಿಂತನೆಯನ್ನು ಹೀಗೆ ಎದುರುಬದುರಾಗಿ ನಿಲ್ಲಿಸಿದಾಗ ಪ್ರತಿಯೊಂದರ ಬಲವೂ ಮಿತಿಯೂ ಗೋಚರಿಸುತ್ತವೆ.

ಜೈನ ಶ್ರಾವಕರಿಗೆ ಈ ಪ್ರಶ್ನೆ ಹೊಸದಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸತ್ಯಾಣುವ್ರತದ ಲಕ್ಷಣವನ್ನು ಹೇಳುವಾಗ, ವಿಪತ್ತಿಗೆ ಕಾರಣವಾಗುವ ಸತ್ಯವನ್ನೂ ನುಡಿಯಬಾರದೆಂದು ವಿಧಿಸಿದ್ದಾರೆ. ನುಡಿಯ ಯಥಾರ್ಥತೆಯೊಂದೇ ಸಾಲದು. ಅದು ಜೀವದಯೆಯ ಅಪೇಕ್ಷೆಯಲ್ಲೂ ನಿಲ್ಲಬೇಕು.

ಒಂದು ಸಮಾಜದ ನೀತಿಯನ್ನು ಮತ್ತೊಂದು ಸಮಾಜ ಪ್ರಶ್ನಿಸಲಾಗದೆಂಬ ವಾದವನ್ನೂ ಮತಿಲಾಲರು ಒಪ್ಪಲಿಲ್ಲ. ಆಚಾರಗಳು ಭಿನ್ನವಾದರೂ ನೋವು, ನಲಿವು, ಲಜ್ಜೆ, ಮಕ್ಕಳ ಮೇಲಿನ ಮಮತೆ ಮಾನವರೆಲ್ಲರಿಗೂ ಸಮಾನ. ಜಿನಾಗಮವು ಈ ಸಮಾನತೆಯನ್ನು ಇನ್ನೂ ವಿಸ್ತರಿಸಿ, ಸಕಲ ಜೀವಿಗಳಿಗೂ ದುಃಖವು ಅಪ್ರಿಯವೆಂದು ಸಾರುತ್ತದೆ. ಆದ್ದರಿಂದ ‘ಇದು ನಮ್ಮ ಪದ್ಧತಿ’ ಎಂಬ ಮಾತು ಹಿಂಸೆಗೆ ಸಮರ್ಥನೆಯಾಗದು.

ಮನೆಯಲ್ಲಾಗಲಿ, ಬಸದಿಯಲ್ಲಾಗಲಿ ಭಿನ್ನಾಭಿಪ್ರಾಯ ಮೂಡಿದಾಗ ಅನೇಕಾಂತಿಯು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಎದುರಿನವರ ಮಾತು ಯಾವ ಅಪೇಕ್ಷೆಯಿಂದ ನಿಜ? ನನ್ನ ನುಡಿಯಿಂದ ಯಾರಿಗೆ ನೋವು? ಮೊದಲನೆಯದು ಅಹಂಕಾರವನ್ನು ಕರಗಿಸುತ್ತದೆ, ಎರಡನೆಯದು ವಿವೇಕವನ್ನು ಕಾಯುತ್ತದೆ.