ಒಬ್ಬರಿಗೆ ದಕ್ಕಲು ಎಷ್ಟು ವೈಯಲ್?

ಬೆಂಗಳೂರಿನ ಅಕ್ಕಿಪೇಟೆಯ ಸಗಟು ಔಷಧ ಮಳಿಗೆಗಳಲ್ಲಿ ಲೆಕ್ಕ ನಡೆಯುವುದು ಸ್ಟ್ರಿಪ್, ಬಾಕ್ಸ್, ವೈಯಲ್‌ಗಳಲ್ಲಿ. ನಿಮೊಟುಝುಮ್ಯಾಬ್ ಎಂಬ ಚುಚ್ಚುಮದ್ದನ್ನೂ ಅದೇ ಲೆಕ್ಕಕ್ಕೆ ಹಚ್ಚೋಣ. ಕ್ಯೂಬಾದಲ್ಲಿ ಹುಟ್ಟಿದ ಈ ಮದ್ದನ್ನು ನಮ್ಮ ಬೆಂಗಳೂರಿನ ಬಯೋಕಾನ್ 2006ರಲ್ಲಿ ಮಾರುಕಟ್ಟೆಗೆ ತಂದಿತು. ಒಂದು ವೈಯಲ್‌ನಲ್ಲಿ 50 ಮಿಲಿಗ್ರಾಂ. ವಾರಕ್ಕೆ ಬೇಕಾದದ್ದು 200 ಮಿಲಿಗ್ರಾಂ, ಎಂದರೆ 4 ವೈಯಲ್. ಆರು ವಾರಕ್ಕೆ 24. ಎಲ್ಲವೂ 2ರಿಂದ 8 ಡಿಗ್ರಿ ತಣ್ಪಿನಲ್ಲೇ ಇರಬೇಕು.

ಇದನ್ನು ಕೊಡುವುದು ತಲೆ-ಕತ್ತಿನ ಕ್ಯಾನ್ಸರಿಗೆ, ವಿಕಿರಣದ ಜೊತೆಯಲ್ಲಿ. ರೋಗಿಗಳು 'ಕರೆಂಟ್ ಇಡೋದು' ಎನ್ನುವ ಆ ಚಿಕಿತ್ಸೆ ಒಟ್ಟು 66ರಿಂದ 70 ಗ್ರೇ (ವಿಕಿರಣದ ಅಳತೆ); ದಿನಕ್ಕೆ 2 ಗ್ರೇಯಂತೆ 33ರಿಂದ 35 ಸಲ ಯಂತ್ರದ ಕೆಳಗೆ ಮಲಗಬೇಕು. ಜೊತೆಗೆ ಸಿಸ್‌ಪ್ಲಾಟಿನ್ ಎಂಬ ಕಿಮೋ ಮದ್ದು.

ಬೆಂಗಳೂರಿನ ವೈದ್ಯರೂ ಸೇರಿ ನಡೆಸಿದ 'ಬೆಸ್ಟ್' ಎಂಬ ಪರೀಕ್ಷೆಯ ಐದು ವರ್ಷದ ಫಲಿತಾಂಶ 2014ರಲ್ಲಿ ಬಂತು. ವಿಕಿರಣ ಮತ್ತು ಸಿಸ್‌ಪ್ಲಾಟಿನ್ ಪಡೆದವರಲ್ಲಿ ಬದುಕುಳಿದವರು 26%, ನಿಮೊಟುಝುಮ್ಯಾಬ್ ಸೇರಿಸಿದಾಗ 57%. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಇದ್ದದ್ದು 92 ಮಂದಿ, ಅವರನ್ನು ನಾಲ್ಕು ಗುಂಪಾಗಿ ಹಂಚಿದ್ದರು. ಗುಂಪಿಗೆ 23 ಎಂದರೆ ಈ ಶೇಕಡಾವಾರು ಅಂಕಿಗಳ ಹಿಂದಿರುವುದು 6 ಮತ್ತು 13 ಜನ. ಇಷ್ಟರ ಮೇಲೆ ಅಂಗಡಿಯವರೂ ದಾಸ್ತಾನು ಮಾಡಲಾರರು.

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 536 ರೋಗಿಗಳ ಮೇಲೆ ದೊಡ್ಡ ಪರೀಕ್ಷೆ ನಡೆಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಎರಡು ವರ್ಷದ ಹೊತ್ತಿಗೆ ರೋಗ ಮುಂದುವರಿಯದೆ ಬದುಕಿದ್ದವರು 50.5%, ಮದ್ದು ಸೇರಿಸಿದ ಗುಂಪಿನಲ್ಲಿ 61.8%. ವ್ಯತ್ಯಾಸ 11.3. ಒಬ್ಬರಿಗೆ ಹೆಚ್ಚುವರಿ ಲಾಭ ಸಿಗಲು ಸುಮಾರು 9 ಮಂದಿಗೆ ಮದ್ದು ಕೊಡಬೇಕು. ಆರು ವಾರದ ಲೆಕ್ಕ ಹಿಡಿದರೆ 216 ವೈಯಲ್. ಉಳಿದ ಎಂಟು ಮಂದಿಯಲ್ಲಿ ಕೆಲವರು ಮದ್ದಿಲ್ಲದೆಯೂ ಚೆನ್ನಾಗಿರುತ್ತಿದ್ದರು, ಕೆಲವರಿಗೆ ಅದು ಏನೂ ಮಾಡಲಿಲ್ಲ. ಬಿಲ್ ಮಾತ್ರ ಒಂಬತ್ತೂ ಮನೆಗೆ ಹೋಗುತ್ತದೆ.

ಆ ಒಬ್ಬರು ಯಾರು ಎಂದು ಮೊದಲೇ ತಿಳಿಯುವ ಹಾಗಿದ್ದರೆ? ಬಯೋಮಾರ್ಕರ್, ಅಂದರೆ ಗೆಡ್ಡೆಯ ಅಣುಮಟ್ಟದ ಗುರುತು, ಬೇಕಾಗುವುದು ಇಲ್ಲಿ. ಅದೇ ಪರೀಕ್ಷೆಯಲ್ಲಿದ್ದ, ಎಚ್‌ಪಿವಿ ವೈರಸ್ಸಿನ ಸಂಬಂಧವಿಲ್ಲದ ಗಂಟಲಿನ ಕ್ಯಾನ್ಸರಿನ 187 ಮಂದಿಯನ್ನು ಬೇರೆ ತೆಗೆದು ನೋಡಿದಾಗ ಎರಡು ವರ್ಷದ ಅದೇ ಪ್ರಮಾಣ 31.5% ಇದ್ದದ್ದು 57.2%ಕ್ಕೆ ಏರಿತ್ತು. ವ್ಯತ್ಯಾಸ 25.7, ಎಂದರೆ ನಾಲ್ವರಿಗೆ ಒಬ್ಬರು, 96 ವೈಯಲ್. ಉಪಗುಂಪಿನ ಲೆಕ್ಕವಿದು, ಗುಂಪನ್ನು ಸೀಳಿದಷ್ಟೂ ಆಕಸ್ಮಿಕದ ಪಾಲು ಹೆಚ್ಚು. ಆಮ್ಲಜನಕದ ಕೊರತೆಯನ್ನು ಸೂಚಿಸುವ ಎಚ್‌ಐಎಫ್-1 ಆಲ್ಫಾ ಪ್ರೋಟೀನು ಹೆಚ್ಚಿದ್ದ ಗೆಡ್ಡೆಗಳಲ್ಲೂ ಈ ಮದ್ದಿನ ಲಾಭ ಎದ್ದು ಕಂಡಿತು. ಅದಕ್ಕೆ ಕಾರಣ ಊಹಿಸಬಹುದು: ಉಸಿರಿಲ್ಲದ ಗೆಡ್ಡೆಗೆ ವಿಕಿರಣ ಅಷ್ಟಾಗಿ ನಾಟುವುದಿಲ್ಲ.

ಎಚ್‌ಪಿವಿ ಇರುವ ಗೆಡ್ಡೆಯ ಕಥೆಯೇ ಬೇರೆ. 2010ರಲ್ಲಿ ಬಂದ ಅಮೆರಿಕದ ವರದಿಯಲ್ಲಿ ಮೂರು ವರ್ಷ ಬದುಕಿದವರು ಎಚ್‌ಪಿವಿ ಇದ್ದವರಲ್ಲಿ 82.4%, ಇಲ್ಲದವರಲ್ಲಿ 57.1%. ಇಷ್ಟು ಮೆತ್ತಗಿನ ಗೆಡ್ಡೆಗೆ ಸಿಸ್‌ಪ್ಲಾಟಿನ್ ಯಾಕೆ, ಹಗುರವಾದ ಸೆಟುಕ್ಸಿಮ್ಯಾಬ್ ಎಂಬ ಮದ್ದು ಸಾಕಲ್ಲ ಎಂದು ಪ್ರಯೋಗಿಸಿದರು. ಐದು ವರ್ಷದ ಬದುಕು 84.6%ರಿಂದ 77.9%ಕ್ಕೆ ಇಳಿಯಿತು. ಗೆಡ್ಡೆ ಹೇಗೆ ವರ್ತಿಸೀತು ಎಂದು ಹೇಳುವ ಗುರುತು, ಯಾವ ಮದ್ದು ಹಿಡಿಸೀತು ಎಂದೂ ಹೇಳುತ್ತದೆ ಎಂದುಕೊಂಡದ್ದರ ದಂಡ ಅದು. ನನಗೆ ಈ ಕ್ಷೇತ್ರದ ಎಲ್ಲ ಅಂಕಿಗಳಿಗಿಂತ ಮುಖ್ಯವೆನಿಸುವುದು ಈ 6.7.

ಎಚ್‌ಪಿವಿಗೆ ಬದಲಿ ಗುರುತಾಗಿ ನೋಡುವುದು ಪಿ16 ಪ್ರೋಟೀನನ್ನು. ಹೊಸದಾಗಿ ಮಾಂಸ ತೆಗೆಯಬೇಕಿಲ್ಲ; ಬಯಾಪ್ಸಿಯ ಮೇಣದ ಬ್ಲಾಕ್‌ನಿಂದ ಕೆಲವೇ ಮೈಕ್ರಾನ್ ತೆಳುವಿನ ಒಂದು ಪದರ ಸಾಕು. ಕನಿಷ್ಠ 70% ಗೆಡ್ಡೆಕೋಶಗಳು ದಟ್ಟವಾಗಿ ಬಣ್ಣ ಹಿಡಿದರೆ ಪಾಸಿಟಿವ್. ಗಂಟಲಿನ ಕ್ಯಾನ್ಸರಿನವರ ಮನೆಯವರು ಚೀಟಿ ಹಿಡಿದು ಮದ್ದಿನಂಗಡಿಗೆ ಓಡುವ ಮುನ್ನ, ಫೈಲಿನಲ್ಲಿ ಪಿ16 ವರದಿ ಇದೆಯೇ ಎಂದು ವೈದ್ಯರನ್ನು ಕೇಳಬಹುದು. 24 ವೈಯಲ್‌ಗಳನ್ನು ಒಟ್ಟಿಗೇ ತರಿಸುವ ಅಗತ್ಯವೂ ಇಲ್ಲ, ವಾರಕ್ಕೆ ಬೇಕಾದದ್ದು ನಾಲ್ಕೇ.